ಹಾಸ್ಟೆಲ್ ಕೋಣೆಯಿಂದ ಶುರು ಮಾಡಿ: ಕೊಡಗಿನ ಕಾಲೇಜುಗಳಲ್ಲಿ ಮಾನವ ಕಳ್ಳಸಾಗಣೆ ಬಗ್ಗೆ ಜಾಗೃತಿ ಮೂಡಿಸಲು ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಸಭಾಂಗಣ, ಬ್ಯಾನರ್, ದೀಪ, ಮುಖ್ಯ ಅತಿಥಿಗೆ ಒಂದು ಗಿಡ. ಇನ್ನೂರು ಮಕ್ಕಳು ಕೂತಿದ್ದರು. ಅತಿಥಿ ಬಂದಿದ್ದು ಮುಕ್ಕಾಲು ಗಂಟೆ ತಡವಾಗಿ. ಪರದೆ ಮೇಲೆ ಸರಪಳಿ ಬಿಗಿದ ಕೈಗಳ ಚಿತ್ರ. ಕೊನೆಗೆ ಉಪ್ಪಿಟ್ಟು, ಕೇಸರಿಬಾತ್.

ಅವತ್ತೇ ಸಂಜೆ ಹಾಸ್ಟೆಲ್ ಮೆಟ್ಟಿಲ ಹತ್ತಿರ ಅಂತಿಮ ವರ್ಷದ ಹುಡುಗನೊಬ್ಬ ಸಿಕ್ಕಿದ. "ಸರ್, ಥಾಯ್ಲೆಂಡ್‌ನಲ್ಲಿ ಕೆಲಸ ಸಿಕ್ಕಿದೆ. ನಿಮ್ಮದೊಂದು ಶಿಫಾರಸು ಪತ್ರ ಬೇಕಿತ್ತು" ಅಂತ ಫೋನ್ ತೋರಿಸಿದ. ಕಂಪನಿಯ ಹೆಸರಿಲ್ಲ. ಟಿಕೆಟ್ ಅವರದ್ದೇ. ಪಾಸ್‌ಪೋರ್ಟ್ ಫೋಟೋ ಆಗಲೇ ಕಳಿಸಿಬಿಟ್ಟಿದ್ದ. ಬೆಳಿಗ್ಗೆ ಭಾಷಣ ಕೇಳಿದವರಲ್ಲಿ ಅವನೂ ಇದ್ದ, ಅದೂ ಎರಡನೇ ಸಾಲಿನಲ್ಲಿ. ಆ ಸರಪಳಿ ಚಿತ್ರಕ್ಕೂ ತನ್ನ ಫೋನಿಗೂ ಸಂಬಂಧ ಇರಬಹುದು ಅಂತ ಅವನಿಗೆ ಅನಿಸಿಯೇ ಇರಲಿಲ್ಲ. ಅನಿಸುವ ಹಾಗೆ ನಾವು ಹೇಳಿಯೂ ಇರಲಿಲ್ಲ.

ಆಮೇಲೆ ಕೆಲವು ವರ್ಷ ಎನ್‌ಎಸ್‌ಎಸ್ ಮತ್ತು ಹಾಸ್ಟೆಲ್ ಎರಡರ ಜವಾಬ್ದಾರಿ ನೋಡಿಕೊಂಡೆ. ಆಗ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ನೀವು ವಿದ್ಯಾರ್ಥಿಯಾಗಿರಲಿ, ಉಪನ್ಯಾಸಕರಾಗಿರಲಿ, ವಾರ್ಡನ್ ಆಗಿರಲಿ, ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇದು.

ಹೆಜ್ಜೆ 1: ಮೊದಲು ನಿಮ್ಮ ತಲೆಯಲ್ಲಿರುವ ವ್ಯಾನನ್ನು ತೆಗೆಯಿರಿ

ಕಳ್ಳಸಾಗಣೆ ಅಂದ ತಕ್ಷಣ ನಮಗೆ ನೆನಪಾಗುವುದು ಕಪ್ಪು ಗಾಜಿನ ವ್ಯಾನ್, ಬಾಯಿಗೆ ಬಟ್ಟೆ. ಅಂಥದ್ದೂ ನಡೆಯುತ್ತದೆ. ಆದರೆ ಜಾಸ್ತಿ ಸಲ ಇದು ಶುರುವಾಗುವುದು ಪರಿಚಯದವರ ಬಾಯಿಂದ ಬರುವ ಒಂದು ಒಳ್ಳೆಯ ಸುದ್ದಿಯಿಂದ. ಕೆಲಸ ಇದೆ, ಮದುವೆ ಮಾಡಿಸ್ತೀವಿ, ಮಾಡೆಲಿಂಗ್ ಅವಕಾಶ ಇದೆ, ಅಡ್ವಾನ್ಸ್ ಕೊಡ್ತೀವಿ.

ಕಾನೂನು ಮೂರು ವಿಷಯ ನೋಡುತ್ತದೆ. ಏನು ಮಾಡಿದರು: ಕೆಲಸಕ್ಕೆ ಸೇರಿಸಿದರಾ, ಸಾಗಿಸಿದರಾ, ಇರಿಸಿಕೊಂಡರಾ. ಹೇಗೆ ಮಾಡಿದರು: ಬೆದರಿಕೆ, ಬಲಾತ್ಕಾರ, ಮೋಸ, ಅಧಿಕಾರದ ದುರುಪಯೋಗ, ದುಡ್ಡಿನ ಆಮಿಷ. ಯಾಕೆ ಮಾಡಿದರು: ಶೋಷಣೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಇದಿದೆ. ಹಿಂದೆ ಐಪಿಸಿ 370 ಅಂತಿದ್ದದ್ದು ಇದೇ. ಲೈಂಗಿಕ ಶೋಷಣೆ ಮಾತ್ರ ಅಲ್ಲ, ಗುಲಾಮಗಿರಿ, ಭಿಕ್ಷಾಟನೆ, ಬಲವಂತವಾಗಿ ಅಂಗಾಂಗ ತೆಗೆಯುವುದು ಕೂಡ ಇದರೊಳಗೆ ಬರುತ್ತದೆ. ಕನಿಷ್ಠ ಶಿಕ್ಷೆ 7 ವರ್ಷ. ಬಲಿಯಾದವರು ಮಗುವಾಗಿದ್ದರೆ ಕನಿಷ್ಠ 10 ವರ್ಷ, ಜೀವಾವಧಿವರೆಗೂ ಹೋಗಬಹುದು.

ಮಕ್ಕಳಿಗೆ ಮರೆಯದೆ ಹೇಳಬೇಕಾದ ಸಾಲು ಇನ್ನೊಂದಿದೆ. ಬಲಿಯಾದವರು "ಒಪ್ಪಿ ಹೋಗಿದ್ದರು" ಅನ್ನುವುದು ಈ ಕಲಮಿನಡಿ ಲೆಕ್ಕಕ್ಕೆ ಬರುವುದಿಲ್ಲ. "ನಾನೇ ಸಹಿ ಹಾಕಿದ್ದೆ, ತಪ್ಪು ನಂದೇ" ಅಂತ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಅವರಿಗೆ ಇದು ಗೊತ್ತಿರಬೇಕು.

ಗಡಿ ದಾಟಿದರೆ ಮಾತ್ರ ಕಳ್ಳಸಾಗಣೆ ಅನ್ನುವುದೂ ತಪ್ಪು. ನಮ್ಮ ಕೊಡಗಿಗೆ ರೈಲೇ ಇಲ್ಲ. ಇಲ್ಲಿ ಜನ ಓಡಾಡುವುದು ಬಸ್ಸು, ಜೀಪಲ್ಲಿ. ಮೈಸೂರಿನ ಕಡೆಯಿಂದ ಒಳಗೆ ಬರುತ್ತಾರೆ, ಕುಟ್ಟ, ಮಾಕುಟ್ಟ, ಕರಿಕೆ ದಾಟಿ ಕೇರಳಕ್ಕೆ ಹೋಗುತ್ತಾರೆ. ಒಂದು ತೋಟದ ಲೈನ್ ಮನೆಯಿಂದ ಇನ್ನೊಂದು ತೋಟದ ಲೈನ್ ಮನೆಗೆ ಸಾಗಿಸಿದರೂ, ಉಳಿದ ಲಕ್ಷಣಗಳಿದ್ದರೆ, ಅದು ಕಳ್ಳಸಾಗಣೆಯೇ.

ಹೆಜ್ಜೆ 2: ಐದಾರು ಜನ ಸಾಕು

ಹೊಸ ಸಂಘ ಕಟ್ಟಬೇಡಿ. ಎನ್‌ಎಸ್‌ಎಸ್ ಘಟಕವೋ ಯುವ ರೆಡ್‌ಕ್ರಾಸೋ ಆಗಲೇ ಇರುತ್ತದೆ, ಅದರೊಳಗೇ ಮಾಡಿ. ಪ್ರತಿ ಹಾಸ್ಟೆಲ್‌ನಿಂದ ಒಬ್ಬರಾದರೂ ಇರಲಿ. ಹೊರಗೆ ಪಿಜಿಯಲ್ಲಿ ಇರುವವರೂ ಒಬ್ಬರು ಬೇಕು, ಅವರನ್ನು ಎಲ್ಲರೂ ಮರೆಯುತ್ತಾರೆ. ಮೊದಲ ವರ್ಷದವರು ಇಬ್ಬರು ಇದ್ದರೆ ಮುಂದಿನ ವರ್ಷ ಕೆಲಸ ನಿಲ್ಲುವುದಿಲ್ಲ.

ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಲ್ಲಿಗೆ ಒಂದು ಪತ್ರ ಬರೆದು, ವಕೀಲರೊಬ್ಬರನ್ನು ಕಳಿಸಿಕೊಡಿ ಅಂತ ಕೇಳಿ. ಭಾಷಣಕ್ಕೆ ಅಲ್ಲ, ನಿಮ್ಮ ಐದಾರು ಜನಕ್ಕೆ ಎರಡು ಗಂಟೆ ಪಾಠಕ್ಕೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಕಳ್ಳಸಾಗಣೆಗೋ ಬಿಟ್ಟಿ ದುಡಿಮೆಗೋ ಸಿಕ್ಕಿದವರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಈ ಮಾತು ವಕೀಲರ ಬಾಯಿಂದಲೇ ಬಂದರೆ ಮಕ್ಕಳು ನಂಬುತ್ತಾರೆ.

ಹೆಜ್ಜೆ 3: ತಾರೀಖು ನೀವೇ ಆರಿಸಿ

ಜುಲೈ 30 ವಿಶ್ವಸಂಸ್ಥೆ ಗೊತ್ತುಮಾಡಿದ ಮಾನವ ಕಳ್ಳಸಾಗಣೆ ವಿರೋಧಿ ದಿನ. ಜಿನೀವಾದವರಿಗೆ ಸರಿ. ಕೊಡಗಲ್ಲಿ ಜುಲೈ 30 ಅಂದ್ರೆ ಕರೆಂಟಿಲ್ಲ, ದಾರಿಗೆ ಮರ ಬಿದ್ದಿದೆ, ನಾಳೆ ಮಳೆ ರಜೆ ಇದೆಯಾ ಅಂತ ಎಲ್ಲರೂ ಫೋನ್ ನೋಡ್ತಾ ಕೂತಿರುತ್ತಾರೆ. ನಾನು ಒಂದು ವರ್ಷ ಮಾಡಿ ನೋಡಿದೆ. ಒಂಬತ್ತು ಜನ ಬಂದರು, ಅದರಲ್ಲಿ ಇಬ್ಬರು ಕೊಡೆ ಮರೆತು ಒಳಗೆ ನಿಂತವರು.

ಮೂರು ಹೊತ್ತು ಒಳ್ಳೆಯದು. ಹೊಸಬರು ಹಾಸ್ಟೆಲ್‌ಗೆ ಸೇರಿ ಒಂದು ತಿಂಗಳಾದ ಮೇಲೆ ಒಂದು ಸಲ. ಪುತ್ತರಿ ಆಸುಪಾಸಿನಲ್ಲಿ, ಕಾಫಿ ಕುಯ್ಲಿಗೆ ಹೊರಗಿನಿಂದ ಕೆಲಸದವರು ಬರುವಾಗ ಇನ್ನೊಂದು ಸಲ. ಅಂತಿಮ ವರ್ಷದವರು ಕೆಲಸ ಹುಡುಕಲು ಶುರು ಮಾಡುವಾಗ ಮೂರನೆಯದು. ಒಂದೇ ಸಲ ಮಾಡಲು ಸಾಧ್ಯ ಅನ್ನುವುದಾದರೆ ಮೂರನೆಯದನ್ನೇ ಮಾಡಿ.

ಹೆಜ್ಜೆ 4: ಊಟ ಆದ ಮೇಲೆ, ಒಂದು ಕೋಣೆ, ಒಂದು ಮೆಸೇಜ್

ಇದೇ ಈ ಮಾರ್ಗದರ್ಶಿಯ ಹೊಟ್ಟೆ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಸಭಾಂಗಣ ಬೇಡ. ರಾತ್ರಿ ಊಟ ಮುಗಿದ ಮೇಲೆ ಹಾಸ್ಟೆಲ್‌ನ ಒಂದು ದೊಡ್ಡ ಕೋಣೆಯಲ್ಲಿ ಹನ್ನೆರಡರಿಂದ ಹದಿನೈದು ಜನ ನೆಲದ ಮೇಲೆ ಕೂರಲಿ. ವಾರ್ಡನ್ ಹೊರಗಿರಲಿ. ನಡೆಸಿಕೊಡುವವರು ವಿದ್ಯಾರ್ಥಿಗಳೇ ಆಗಿರಲಿ. ಪ್ರತಿಯೊಬ್ಬರ ಕೈಗೂ ಒಂದು ಹಾಳೆ, ಒಂದು ಕೆಂಪು ಪೆನ್ನು. ಹಾಳೆಯಲ್ಲಿ ಇಷ್ಟೇ ಇರಲಿ:

"ಹಾಯ್ ಡಿಯರ್, ಬ್ಯಾಂಕಾಕ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ. ತಿಂಗಳಿಗೆ 80,000, ಊಟ ರೂಮ್ ಫ್ರೀ. ಅನುಭವ ಬೇಡ, ಟೈಪಿಂಗ್ ಮತ್ತು ಇಂಗ್ಲಿಷ್ ಬಂದ್ರೆ ಸಾಕು. ಟಿಕೆಟ್ ನಮ್ಮದು. ಟೂರಿಸ್ಟ್ ಆಗಿ ಬನ್ನಿ, ವರ್ಕ್ ವೀಸಾ ಇಲ್ಲಿ ಮಾಡಿಸ್ತೀವಿ. ನಾಳೆಯೊಳಗೆ ಪಾಸ್‌ಪೋರ್ಟ್ ಕಳಿಸಿ, ಎರಡೇ ಸೀಟ್ ಉಳಿದಿದೆ. ನಿಮ್ಮ ಸೀನಿಯರ್ ಒಬ್ಬರು ಇಲ್ಲೇ ಇದ್ದಾರೆ."

"ಅನುಮಾನ ಬಂದ ಕಡೆ ಸುತ್ತು ಹಾಕಿ" ಅಂತ ಹೇಳಿ ಸುಮ್ಮನಿರಿ. ಐದು ನಿಮಿಷ. ಸಂಬಳದ ಅಂಕಿಗೆ ಎಲ್ಲರೂ ಸುತ್ತು ಹಾಕುತ್ತಾರೆ. "ಟೂರಿಸ್ಟ್ ಆಗಿ ಬನ್ನಿ" ಅನ್ನುವುದಕ್ಕೆ ಅರ್ಧ ಜನ ಹಾಕಬಹುದು. "ನಿಮ್ಮ ಸೀನಿಯರ್ ಇಲ್ಲೇ ಇದ್ದಾರೆ" ಅನ್ನುವ ಸಾಲಿಗೆ ಮಾತ್ರ ನಾನು ನಡೆಸಿದ ಕೂಟಗಳಲ್ಲಿ ಯಾರೂ ಸುತ್ತು ಹಾಕಿದ್ದಿಲ್ಲ. ಮಾತು ಅಲ್ಲಿಂದ ಶುರು ಮಾಡಿ. ಪರಿಚಯದ ಹೆಸರು ಕೇಳಿದ ಕೂಡಲೇ ನಮ್ಮ ಬುದ್ಧಿ ಚಾಪೆ ಹಾಸಿ ಮಲಗಿಬಿಡುತ್ತದೆ, ಅಲ್ವಾ?

ಆಮೇಲೆ ನಿಜವಾಗಿ ನಡೆದದ್ದನ್ನು ಹೇಳಿ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಅಂತ ನಂಬಿಸಿ ಭಾರತದ ಹುಡುಗ ಹುಡುಗಿಯರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆಗೆ ಕರೆದೊಯ್ದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಾಂಬೋಡಿಯಾ, ಲಾವೋಸ್‌ನಲ್ಲೂ ಇದೇ ಕಥೆ. ಬೇಲಿ ಹಾಕಿದ ದೊಡ್ಡ ಕಟ್ಟಡಗಳು. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರಿಸಿ, ಪ್ರೀತಿಯ ನಾಟಕ ಆಡಿ ಅಥವಾ ಹೂಡಿಕೆಯ ಆಸೆ ತೋರಿಸಿ ಬೇರೆಯವರ ದುಡ್ಡು ಲಪಟಾಯಿಸುವ ಕೆಲಸ ಮಾಡಿಸುತ್ತಾರೆ. ಒಲ್ಲೆ ಅಂದರೆ ಹೊಡೆತ. ಬಿಡಿ ಅಂದರೆ ಲಕ್ಷಗಟ್ಟಲೆ ಬೇಡಿಕೆ. ಅವರಿಗೆ ಬೇಕಾಗಿರುವುದೇ ಇಂಗ್ಲಿಷ್ ಬರುವ, ಟೈಪ್ ಮಾಡಲು ಬರುವ ಡಿಗ್ರಿ ಮಕ್ಕಳು. ಕಳ್ಳಸಾಗಣೆ ಓದದವರ ಸಮಸ್ಯೆ ಅನ್ನುವ ನಂಬಿಕೆ ಕೋಣೆಯಲ್ಲಿ ಅಲ್ಲೇ ಮುರಿಯುತ್ತದೆ.

ಇನ್ನು ಪರೀಕ್ಷಿಸುವುದು ಹೇಗೆ? ಹಾಳೆ ತಿರುಗಿಸಲು ಹೇಳಿ, ಹಿಂದೆ ಬರೆದುಕೊಳ್ಳಲಿ. ಕಂಪನಿಯ ಪೂರ್ತಿ ಹೆಸರು, ವಿಳಾಸ ಕೇಳಿ. ಅವರು ಕೊಟ್ಟ ನಂಬರಿಗೆ ಬಿಟ್ಟು, ನೀವೇ ಹುಡುಕಿದ ನಂಬರಿಗೆ ಫೋನ್ ಮಾಡಿ. ವಿದೇಶಕ್ಕೆ ಕಳಿಸುವ ಏಜೆಂಟರ ನೋಂದಣಿ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಿ ಅಂದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ.

ಇಲ್ಲಿ ಒಂದು ಗುಂಡಿ ಇದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ವಿನಾಯಿತಿ ಇದೆ. ಕೂಲಿಗೆ ಗಲ್ಫ್‌ಗೆ ಹೋಗುವ, ಹೆಚ್ಚು ಓದಿರದ ವ್ಯಕ್ತಿಯ ಕಾಗದಪತ್ರವನ್ನು ಸರ್ಕಾರ ಒಮ್ಮೆ ತಡೆದು ನೋಡುತ್ತದೆ. ನಮ್ಮ ಡಿಗ್ರಿ ಹುಡುಗನನ್ನು ಹಾಗೆ ಯಾರೂ ತಡೆಯುವುದಿಲ್ಲ. ಅವನನ್ನು ಅವನೇ ತಡೆದುಕೊಳ್ಳಬೇಕು.

ಮೆಟ್ಟಿಲ ಹತ್ತಿರ ಸಿಕ್ಕಿದ ಆ ಹುಡುಗ ಹೋಗಲಿಲ್ಲ. ಏಜೆಂಟನಿಗೆ "ವರ್ಕ್ ವೀಸಾ ಇಲ್ಲಿಂದಲೇ ಮಾಡಿಸಿ ಕೊಡಿ" ಅಂತ ಒಂದೇ ಸಾಲು ಬರೆಸಿದೆ. ಅವತ್ತು ರಾತ್ರಿಯೇ ಆ ನಂಬರ್ ಅವನನ್ನು ಬ್ಲಾಕ್ ಮಾಡಿತು. ಎರಡು ತಿಂಗಳು ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ವಿಷಯ.

ಹೆಜ್ಜೆ 5: ಕಡಂಬುಟ್ಟು ಒಪ್ಪಂದ

ಹೆಸರು ಮಕ್ಕಳೇ ಇಟ್ಟದ್ದು. ಯಾರೇ ಸಂದರ್ಶನಕ್ಕೆ, ಹೊಸ ಕೆಲಸಕ್ಕೆ, ಆನ್‌ಲೈನ್‌ನಲ್ಲಿ ಪರಿಚಯವಾದವರನ್ನು ನೋಡಲು ಹೋಗುವ ಮೊದಲು ರೂಮ್‌ಮೇಟ್ ಹತ್ತಿರ ನಾಲ್ಕು ವಿಷಯ ಬಿಟ್ಟು ಹೋಗಬೇಕು: ಹೋಗುವ ವಿಳಾಸ, ಕರೆದವರ ನಂಬರ್, ಟಿಕೆಟ್‌ನ ಫೋಟೋ, ವಾಪಸ್ ಫೋನ್ ಮಾಡುವ ಹೊತ್ತು.

ಜೊತೆಗೆ ಒಂದು ಗುಟ್ಟಿನ ಮಾತು. ನಮ್ಮ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಫೋನ್ ಮಾಡಿ "ಕಡಂಬುಟ್ಟು ತಿಂದ್ಯಾ?" ಅಂತ ಕೇಳುತ್ತಿದ್ದಳು. "ತಿಂದೆ, ಪಂದಿಕರಿ ಜೊತೆ" ಅಂದರೆ ಎಲ್ಲ ಸರಿ. "ಇಲ್ಲ, ಇವತ್ತು ಚಪಾತಿ" ಅಂದರೆ ಪಕ್ಕದಲ್ಲಿ ಯಾರೋ ಇದ್ದಾರೆ, ಮಾತಾಡಲು ಆಗುತ್ತಿಲ್ಲ, ತಕ್ಷಣ ಮನೆಗೂ 112ಕ್ಕೂ ಫೋನ್ ಮಾಡು ಅಂತ ಅರ್ಥ. ಈ ಮಾತನ್ನು ನೀವು ಹಾಗೇ ಎತ್ತಿಕೊಳ್ಳಬೇಡಿ, ಬರೆದುಬಿಟ್ಟ ಮೇಲೆ ಅದು ಗುಟ್ಟಲ್ಲ. ನಿಮ್ಮದೇ ಒಂದು ಮಾಡಿಕೊಳ್ಳಿ.

ಹೆಜ್ಜೆ 6: ಮೆಸ್‌ನಲ್ಲಿ ತಟ್ಟೆ ತೊಳೆಯುವವರು ಯಾರು?

ಕ್ಯಾಂಪಸ್‌ನಲ್ಲಿ ಇರುವವರು ವಿದ್ಯಾರ್ಥಿಗಳು ಮಾತ್ರ ಅಲ್ಲ. ಮೆಸ್ ಹುಡುಗರಿದ್ದಾರೆ, ಹೊಸ ಬ್ಲಾಕ್ ಕಟ್ಟುವ ಕೂಲಿಯವರಿದ್ದಾರೆ, ಬೇಲಿ ಆಚೆ ತೋಟವಿದೆ, ರಸ್ತೆ ಆಚೆ ಹೋಮ್‌ಸ್ಟೇ ಇದೆ.

ಗಮನಿಸಬೇಕಾದ ಲಕ್ಷಣಗಳು ಕೆಲವು. 14 ವರ್ಷದೊಳಗಿನ ಮಗು ಅಲ್ಲಿ ದುಡಿಯುತ್ತಿದೆಯಾ? ಆಧಾರ್ ಕಾರ್ಡ್, ಫೋನ್ ಮೇಸ್ತ್ರಿ ಹತ್ತಿರ ಇದೆಯಾ? ಸಂಬಳ ಕೇಳಿದರೆ "ಅಡ್ವಾನ್ಸ್‌ಗೆ ವಜಾ" ಅನ್ನುತ್ತಾರಾ? ಊರಿಗೆ ಹೋಗಬೇಕು ಅಂದರೆ ಬಿಡುತ್ತಾರಾ? ನೀವು ಮಾತಾಡಿಸಿದರೆ ಯಾವಾಗಲೂ ಇನ್ನೊಬ್ಬರೇ ಉತ್ತರ ಕೊಡುತ್ತಾರಾ? ಒಂದು ಲಕ್ಷಣ ಕಂಡ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ನಾಲ್ಕೈದು ಒಟ್ಟಿಗೆ ಕಂಡರೆ ತಿಳಿಸಬೇಕು.

ಅಡ್ವಾನ್ಸ್ ಅನ್ನುವ ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಪಕ್ಕದ ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಹಿಂದೆ ಪಣಿಯ, ಅಡಿಯ ಸಮುದಾಯದವರನ್ನು ಮುಂಗಡ ಕೊಟ್ಟು ಒಂದು ವರ್ಷದ ದುಡಿಮೆಗೆ ಗೊತ್ತುಮಾಡುವ ಪದ್ಧತಿ ಇತ್ತು. ದೇವರ ಎದುರು ಒಪ್ಪಿಕೊಂಡ ಮೇಲೆ ಬಿಟ್ಟು ಹೋಗುವ ಧೈರ್ಯ ಯಾರಿಗಿರುತ್ತದೆ? ಇದೇ ಅಡಿಯರನ್ನು ನಾವು ಕೊಡಗಿನಲ್ಲಿ ಎರವರು ಅನ್ನುತ್ತೇವೆ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಅದರ ಪ್ರಕಾರ ಅಂಥ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಎರವ, ಪಣಿಯ, ಜೇನು ಕುರುಬ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಅವರನ್ನು ಎದ್ದು ನಿಲ್ಲಿಸಿ "ನಿಮ್ಮ ಅನುಭವ ಹೇಳಿ" ಅನ್ನಬೇಡಿ. ಅವರಾಗಿ ಹೇಳಿದರೆ ಕೇಳಿ.

ಇನ್ನೊಂದು ಎಚ್ಚರಿಕೆ. ಕುಯ್ಲಿನ ಕಾಲದಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಹಳ ಜನ ಬರುತ್ತಾರೆ. ಹೆಚ್ಚಿನವರು ತಾವಾಗಿಯೇ, ನಾಲ್ಕು ಕಾಸು ದುಡಿಯಲು ಬಂದವರು. ವಲಸೆ ಬೇರೆ, ಕಳ್ಳಸಾಗಣೆ ಬೇರೆ. ನಿಮ್ಮ ಜಾಗೃತಿ ಕಾರ್ಯಕ್ರಮದಿಂದ ಊರವರು ಹೊರಗಿನ ಕೂಲಿಯವರನ್ನೆಲ್ಲ ಅನುಮಾನದಿಂದ ನೋಡುವ ಹಾಗಾದರೆ, ಕಾರ್ಯಕ್ರಮ ಮಾಡದಿರುವುದೇ ವಾಸಿ.

ಹೆಜ್ಜೆ 7: ಪೋಸ್ಟರ್ ಎಲ್ಲಿ ಅಂಟಿಸಬೇಕು

ನೋಟಿಸ್ ಬೋರ್ಡಿನಲ್ಲಿ ಬೇಡ. ಅಲ್ಲಿ ನಿಂತು ಓದುವವರನ್ನು ಎಲ್ಲರೂ ನೋಡುತ್ತಾರೆ. ಟಾಯ್ಲೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಒಬ್ಬರೇ ಇರುತ್ತಾರೆ, ಬಾಗಿಲು ಹಾಕಿರುತ್ತದೆ, ಓದಲು ಬೇರೇನೂ ಇರುವುದಿಲ್ಲ. ಲ್ಯಾಮಿನೇಟ್ ಮಾಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಎರಡೇ ವಾರಕ್ಕೆ ಬೂಸಲು ಹಿಡಿಯುತ್ತದೆ. ಸರಪಳಿ, ಕಣ್ಣೀರಿನ ಚಿತ್ರ ಯಾವುದೂ ಬೇಡ. ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ, ಕೆಳಗೆ ನಂಬರ್‌ಗಳು:

112 – ತುರ್ತು, ಪೊಲೀಸ್
1098 – 18 ವರ್ಷದೊಳಗಿನವರಿಗೆ
181 – ಮಹಿಳೆಯರಿಗೆ
1930 – ಆನ್‌ಲೈನ್ ಹಣ ವಂಚನೆ, ಸೈಬರ್ ಅಪರಾಧ
15100 – ಉಚಿತ ಕಾನೂನು ನೆರವು

ಪ್ರಶ್ನೆ ಹೇಗಿರಬೇಕು ಅಂದ್ರೆ, "ನಿನ್ನ ಐಡಿ ಕಾರ್ಡ್ ಈಗ ಯಾರ ಹತ್ತಿರ ಇದೆ?" ಈ ಥರ. ಮೆಸ್ ಹಿಂಬದಿಯಲ್ಲಿ ಕೆಲಸದವರು ಓಡಾಡುವ ಕಡೆ ಹಿಂದಿ, ಮಲಯಾಳಂ, ಅಸ್ಸಾಮಿಯಲ್ಲೂ ಹಾಕಿ. ಬರೆದುಕೊಡುವವರು ಹಾಸ್ಟೆಲ್‌ನಲ್ಲೇ ಸಿಗಬಹುದು, ಕೇಳಿ ನೋಡಿ.

ಹೆಜ್ಜೆ 8: ಯಾರಾದರೂ ಬಂದು ಹೇಳಿದರೆ

ಕೂಟ ಚೆನ್ನಾಗಿ ನಡೆದರೆ ಯಾರೋ ಒಬ್ಬರು ಬಂದೇ ಬರುತ್ತಾರೆ. ಸಾಮಾನ್ಯವಾಗಿ "ನನ್ನ ಫ್ರೆಂಡ್‌ಗೆ ಒಂದು ಪ್ರಾಬ್ಲಂ" ಅಂತ ಶುರುವಾಗುತ್ತದೆ. ಅದನ್ನು ಸಿದ್ಧತೆ ಇಲ್ಲದೆ ಎದುರಿಸಬೇಡಿ.

ಮೊದಲು ಕೇಳಿ, ನಡುವೆ ಬಾಯಿ ಹಾಕಬೇಡಿ. "ಯಾಕೆ ಫೋಟೋ ಕಳಿಸಿದೆ?", "ಯಾಕೆ ಹೋದೆ?" ಅನ್ನುವ ಪ್ರಶ್ನೆಗಳನ್ನು ನಾಲಿಗೆ ಮೇಲೆ ಬರದಂತೆ ನುಂಗಿ. "ಯಾರಿಗೂ ಹೇಳಲ್ಲ" ಅಂತ ಮಾತೂ ಕೊಡಬೇಡಿ. "ಯಾರಿಗೆ ಹೇಳಬೇಕು ಅಂತ ಇಬ್ಬರೂ ಸೇರಿ ನೋಡೋಣ" ಅನ್ನಿ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸುವುದು ಕಡ್ಡಾಯ. ಪಿಯು ಮಕ್ಕಳಿರುವ ಕ್ಯಾಂಪಸ್‌ಗಳು ಇದನ್ನು ಮರೆಯಬಾರದು.

ಚಾಟ್ ಅಳಿಸಲು ಬಿಡಬೇಡಿ. ನಾಚಿಕೆಗೆ, ಹೆದರಿಕೆಗೆ ಮೊದಲು ಮಾಡುವ ಕೆಲಸವೇ ಅದು. ನಂಬರ್, ದಿನ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಘಟನೆ ಬೇರೆ ಜಿಲ್ಲೆಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು. "ಅಲ್ಲಿಗೆ ಹೋಗಿ ಕೊಡಿ" ಅಂದರೆ ವಾಪಸ್ ಬರಬೇಡಿ, ಕಾನೂನು ಸೇವಾ ಪ್ರಾಧಿಕಾರಕ್ಕೆ ಅಲ್ಲಿಂದಲೇ ಫೋನ್ ಮಾಡಿ.

ನೀವೇ ಬಿಡಿಸಲು ಹೋಗಬೇಡಿ. ನಾಲ್ಕು ಬೈಕಲ್ಲಿ ಎಂಟು ಜನ ತೋಟಕ್ಕೆ ನುಗ್ಗಿದರೆ ಒಳಗಿದ್ದವರನ್ನು ಅಷ್ಟರಲ್ಲಿ ಬೇರೆ ಕಡೆ ಸಾಗಿಸಿಬಿಡುತ್ತಾರೆ. ಜೀತದ ಅನುಮಾನ ಇದ್ದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಫೋಟೋ, ರೀಲ್ಸ್ ಏನೂ ಬೇಡ. ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ.

ಇಲ್ಲಿ ವಾರ್ಡನ್‌ಗಳಿಗೆ, ಪ್ರಾಂಶುಪಾಲರಿಗೆ ಒಂದು ಮಾತು. ಒಂದು ಕಡೆ ನಮ್ಮ ಕೂಟ ಆದ ಮಾರನೇ ವಾರವೇ ಹುಡುಗಿಯರ ಹಾಸ್ಟೆಲ್ ಗೇಟು ಆರು ಗಂಟೆಗೆ ಮುಚ್ಚಲು ಶುರು ಮಾಡಿದರು. ಫೋನ್ ಕೂಡ ರಾತ್ರಿ ಕಿತ್ತಿಟ್ಟುಕೊಂಡರು. ಆಮೇಲೆ ಆ ಹಾಸ್ಟೆಲ್‌ನಿಂದ ಒಬ್ಬರೂ ನಮ್ಮ ಹತ್ತಿರ ಬರಲಿಲ್ಲ. ಬಾಯಿ ಬಿಟ್ಟರೆ ಬೀಗ ಬೀಳುತ್ತದೆ ಅಂತ ಗೊತ್ತಾದ ಮೇಲೆ ಯಾರು ಬಾಯಿ ಬಿಡುತ್ತಾರೆ?

ಹೆಜ್ಜೆ 9: ಒಂದು ತಿಂಗಳಾದ ಮೇಲೆ ಮೆಸ್ ಸಾಲಿನಲ್ಲಿ

ಎಷ್ಟು ಜನ ಬಂದರು, ಎಷ್ಟು ಫೋಟೋ ತೆಗೆದರು ಅನ್ನುವ ವರದಿ ಕಾಲೇಜಿಗೆ ಬೇಕು, ಕೊಡಿ. ನಿಮಗೆ ಬೇಕಾದ ಲೆಕ್ಕ ಬೇರೆ. ಊಟಕ್ಕೆ ನಿಂತ ಸಾಲಿನಲ್ಲಿ ಇಪ್ಪತ್ತು ಜನರನ್ನು ಮಾತಾಡಿಸಿ. 1930 ಯಾವುದರ ನಂಬರ್? ಕಳೆದ ತಿಂಗಳು ನಿಮಗೆ ಬಂದ ಕೆಲಸದ ಮೆಸೇಜ್ ಯಾರಿಗಾದರೂ ತೋರಿಸಿದ್ರಾ? ರೂಮ್‌ಮೇಟ್ ಕೊನೆಯ ಸಲ ಹೊರಗೆ ಹೋದಾಗ ವಿಳಾಸ ಕೊಟ್ಟು ಹೋಗಿದ್ರಾ? ಎರಡನೇ ಪ್ರಶ್ನೆಗೆ "ಹೌದು" ಅನ್ನುವವರು ಜಾಸ್ತಿ ಆದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಮೆಸೇಜ್ ಬಳಸಿದಿರಿ, ಯಾವ ಪ್ರಶ್ನೆಗೆ ಎಲ್ಲರೂ ತಡವರಿಸಿದರು, ಯಾವ ಕಚೇರಿಯಲ್ಲಿ ಯಾವ ಹುದ್ದೆಯವರು ಬೇಗ ಸ್ಪಂದಿಸಿದರು. ಬಂದು ಕಷ್ಟ ಹೇಳಿಕೊಂಡವರ ಹೆಸರು, ರೂಮ್ ನಂಬರ್ ಮಾತ್ರ ಎಲ್ಲೂ ಬರೆಯಬೇಡಿ. ಅಂತಿಮ ವರ್ಷದವರು ಹೋಗುವ ಮೊದಲು ಅದನ್ನು ಕಿರಿಯರ ಕೈಗೆ ಕೊಡಲಿ. ಕೊಡುವಾಗ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಕೊಡಿ. ಇನ್ನೇನು ಜೂನ್ ಬರುತ್ತದೆ.